ಜೋರಾಗಿ ಕೂಗಿದವರಿಗೇ ಮೊದಲ ಕಂತು: ಎಂಟೂವರೆ ಲಕ್ಷ ಸಾಲದ ಒಂದು ಪ್ರಕರಣ

ಮೂವತ್ತಾರು ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ ತಿಂಗಳಿಗೆ 52,000 ರೂಪಾಯಿ. ಹೆಂಡತಿ, ಶಾಲೆಗೆ ಹೋಗುವ ಮಗಳು, ಬಾಡಿಗೆ ಮನೆ. ಒಟ್ಟು ಸಾಲ 8,48,000 ರೂಪಾಯಿ. ಯಾರದೂ ಗುರುತು ಸಿಗಬಾರದೆಂದು ಒಂದೇ ಬಗೆಯ ಹಲವು ಪ್ರಕರಣಗಳನ್ನು ಸೇರಿಸಿ ಒಬ್ಬನ ಕಥೆಯಾಗಿ ಬರೆದಿದ್ದೇನೆ. ಹೆಸರು ಹಾಕಿಲ್ಲ. ಕಾನೂನು, ನಿಯಮ, ಸಹಾಯವಾಣಿ ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಸಾಲ ಶುರುವಾದದ್ದು ದುಂದುಗಾರಿಕೆಯಿಂದಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವ ನಡುವೆ ನಾಲ್ಕು ತಿಂಗಳು ಸಂಬಳ ಇರಲಿಲ್ಲ. ಆಗ ಮನೆ ನಡೆದದ್ದು ಕ್ರೆಡಿಟ್ ಕಾರ್ಡ್ ಮೇಲೆ. ಕೆಲಸ ಸಿಕ್ಕ ಮೇಲೆ ತೀರಿಸಬಹುದೆಂದು ಆತ ಅಂದುಕೊಂಡಿದ್ದ. ಹೊಸ ಸಂಬಳ ಹಳೆಯದಕ್ಕಿಂತ ಕಡಿಮೆ ಇತ್ತು. ಅಲ್ಲಿಂದ ಮುಂದೆ ಸಾಲ ತೀರಿಸಲು ಸಾಲ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಒಂದು ಕಾರಣವಿದೆ. ಸಾಲದಲ್ಲಿ ಮುಳುಗಿದವರಿಗೆ ಸಿಗುವ ಬುದ್ಧಿಮಾತು ಹೆಚ್ಚಾಗಿ "ಖರ್ಚು ಕಡಿಮೆ ಮಾಡಿ" ಎಂಬುದು. ಈ ಮನೆಯಲ್ಲಿ ಕಡಿಮೆ ಮಾಡಲು ಏನೂ ಉಳಿದಿರಲಿಲ್ಲ. ಕೆಟ್ಟಿದ್ದು ದುಡ್ಡು ಯಾರಿಗೆ ಮೊದಲು ಹೋಗುತ್ತಿತ್ತು ಎಂಬ ಸರದಿ. ಯಾರು ಹೆಚ್ಚು ಸಲ ಫೋನ್ ಮಾಡುತ್ತಾರೋ, ಯಾರು ಹೆಚ್ಚು ಕೆಟ್ಟದಾಗಿ ಬೈಯುತ್ತಾರೋ ಅವರಿಗೆ ಮೊದಲ ಕಂತು. ಮರ್ಯಾದೆಗೆ ಅಂಜುವ ಯಾರೇ ಆದರೂ ಹೀಗೆಯೇ ಮಾಡುತ್ತಾರೆ. ಆ ಸರದಿ ಮುರಿಯಲು ಆತನೊಬ್ಬನಿಂದಲೇ ಆಗಲಿಲ್ಲ, ಇನ್ನೊಬ್ಬರು ಬರಬೇಕಾಯಿತು.

ಸಾಲದ ಪಟ್ಟಿ

ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೇ ಒಂದು ಪರ್ಸನಲ್ ಲೋನ್. ನಾಲ್ಕು ಲಕ್ಷ ತೆಗೆದದ್ದು, ಶೇ 16 ಬಡ್ಡಿ, ಐದು ವರ್ಷದ ಅವಧಿ, ತಿಂಗಳ ಕಂತು 9,727. ಎರಡು ವರ್ಷ ಕಟ್ಟಿದ ಮೇಲೆ ಉಳಿದದ್ದು 2,76,000. ಅದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ 1,85,000. ಇನ್ನೊಂದು ಬ್ಯಾಂಕಿನ ಕಾರ್ಡಿನಲ್ಲಿ 95,000. ಹೆಂಡತಿಯ ಒಡವೆ ಅಡವಿಟ್ಟು ತಂದ 1,20,000. ಮೊಬೈಲಿನಲ್ಲಿ ಸಾಲ ಕೊಡುವ ಮೂರು ಆಪ್‌ಗಳಲ್ಲಿ ಸೇರಿ 62,000. ಕೈಸಾಲ ಇಬ್ಬರದು: ಸಹೋದ್ಯೋಗಿಯೊಬ್ಬರದು 60,000, ಹೆಂಡತಿಯ ಕಡೆಯ ನೆಂಟರದು 50,000.

ಬಾಡಿಗೆ, ದಿನಸಿ, ಫೀಸು, ಓಡಾಟ ಕಳೆದು ಮನೆಯಲ್ಲಿ ಉಳಿಯುತ್ತಿದ್ದದ್ದು 21,000. ಎಲ್ಲರ ತಗಾದೆ ಕೂಡಿಸಿದರೆ ತಿಂಗಳಿಗೆ ಸುಮಾರು 45,000.

ಕಾರ್ಡಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಆತ "ನಾನು ಮಿನಿಮಮ್ ಕಟ್ಟುತ್ತಲೇ ಇದ್ದೇನೆ" ಎಂದು ಸಮಾಧಾನ ಮಾಡಿಕೊಂಡಿದ್ದು ಇಲ್ಲೇ. ಎರಡೂ ಕಾರ್ಡಿನ ಬಾಕಿ 2,80,000. ತಿಂಗಳಿಗೆ ಶೇ 3.5 ಬಡ್ಡಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಅಂದರೆ ತಿಂಗಳಿಗೆ 9,800 ಬಡ್ಡಿ, 1,764 ತೆರಿಗೆ, ಒಟ್ಟು 11,564. ಮಿನಿಮಮ್, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಶೇ 5ರ ಲೆಕ್ಕದಲ್ಲಿ 14,000. ಹದಿನಾಲ್ಕು ಸಾವಿರ ಕಟ್ಟಿದರೆ ಅಸಲಿಗೆ ಹೋಗುತ್ತಿದ್ದದ್ದು 2,436 ರೂಪಾಯಿ. ಅದೇ ತಿಂಗಳು ದಿನಸಿಗೆಂದು ಕಾರ್ಡ್ ಉಜ್ಜಿದರೆ ಅದೂ ಇಲ್ಲ. ಹಳೆಯ ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ ಎಂಬುದು ಆತನಿಗೆ ಗೊತ್ತಿರಲಿಲ್ಲ. ಎಷ್ಟೋ ಜನರಿಗೆ ಗೊತ್ತಿಲ್ಲ.

ಮೂರು ಆಪ್‌ಗಳಲ್ಲಿ ಎರಡು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಕಂಪನಿಗಳದು, ಬಾಕಿ 44,000. ಮೂರನೆಯದರ ಹಿಂದೆ ಯಾವ ಕಂಪನಿ ಇದೆ ಎಂದು ಎಲ್ಲೂ ಬರೆದಿರಲಿಲ್ಲ. ಹತ್ತು ಸಾವಿರ ಸಾಲ ಎಂದು ತೋರಿಸಿ ಖಾತೆಗೆ ಹಾಕಿದ್ದು 7,400, ಹದಿನೈದು ದಿನಕ್ಕೆ ಕೇಳಿದ್ದು ಪೂರ್ತಿ 10,000. ಹದಿನೈದೇ ದಿನಕ್ಕೆ ನೂರಕ್ಕೆ 35ರ ಬಡ್ಡಿ ಇದು. ಗಡುವು ಮುಂದೂಡಲು ಮತ್ತೆ ಮತ್ತೆ ದುಡ್ಡು ಕಟ್ಟಿ ಆತ ಆಗಲೇ 22,000 ಕೊಟ್ಟಿದ್ದ. ಇನ್ನೂ 18,000 ಬಾಕಿ ಎನ್ನುತ್ತಿದ್ದರು.

ದಿನಕ್ಕೆ ಅತಿ ಹೆಚ್ಚು ಕರೆ ಬರುತ್ತಿದ್ದದ್ದು ಈ ಮೂರನೆಯ ಆಪ್‌ನಿಂದಲೇ. ಆಮೇಲೆ ಎರಡನೇ ಕಾರ್ಡಿನ ವಸೂಲಿಯವರು. ಆಮೇಲೆ ಉಳಿದ ಆಪ್‌ಗಳು. ಒಡವೆ ಸಾಲದವರು ಮಾತ್ರ ಫೋನೇ ಮಾಡಲಿಲ್ಲ. ಅವರಿಂದ ಬಂದದ್ದು ಒಂದು ರಿಜಿಸ್ಟರ್ಡ್ ಪತ್ರ. ಆತ ಅದನ್ನು ಒಡೆಯದೆ ಬೀರುವಿನ ಮೇಲೆ ಇಟ್ಟಿದ್ದ.

ಅಕ್ಕ ಬಂದ ಸಂಜೆ

ಹೆಂಡತಿಗೆ ಗೊತ್ತಿದ್ದದ್ದು ಪರ್ಸನಲ್ ಲೋನ್ ಮತ್ತು ಒಡವೆ ಅಷ್ಟೇ. ಉಳಿದದ್ದು ಹೊರಬಿದ್ದದ್ದು ಆತನ ಅಕ್ಕನಿಗೆ ಬಂದ ಒಂದು ಸಂದೇಶದಿಂದ: ಆತನ ಫೋಟೋ, ಕೆಳಗೆ "ಕಳ್ಳ" ಎಂಬ ಬರಹ, ಜೊತೆಗೆ ಆಧಾರ್ ಕಾರ್ಡಿನ ಚಿತ್ರ. ಆಪ್ ಹಾಕಿಕೊಳ್ಳುವಾಗ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಓದಲು ಆತ ಅನುಮತಿ ಕೊಟ್ಟಿದ್ದ. ಅಕ್ಕ ಅದೇ ಸಂಜೆ ಬಸ್ ಹತ್ತಿ ಬಂದರು.

"ನಾನು ದುಡ್ಡು ಕೊಡಲ್ಲ ಕಣೋ. ಮೊದಲು ಫೋನ್ ಕೊಡು."

"ಬೇಡ ಅಕ್ಕ, ಅವರು ತುಂಬ ಕೆಟ್ಟದಾಗಿ ಮಾತಾಡ್ತಾರೆ. ನೀನು ಕೇಳೋ ಹಾಗಿಲ್ಲ."

"ನೀನು ದಿನಾ ಕೇಳ್ತಿದ್ದೀಯಲ್ಲ."

ದುಡ್ಡು ಕೊಡುವುದಿಲ್ಲ ಎಂದದ್ದು ಕಠಿಣ ಮಾತಾಗಿ ಕಾಣಬಹುದು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಅದೇ. ಆಕೆ ಅಂದು ಐವತ್ತು ಸಾವಿರ ಕೊಟ್ಟಿದ್ದರೆ ಅದು ಮಾರನೇ ದಿನವೇ ಆ ಮೂರನೇ ಆಪ್‌ಗೂ ಎರಡನೇ ಕಾರ್ಡಿಗೂ ಹೋಗಿ, ಮುಂದಿನ ತಿಂಗಳು ಸಾಲಗಾರರ ಪಟ್ಟಿಯಲ್ಲಿ ಅಕ್ಕನ ಹೆಸರೂ ಸೇರುತ್ತಿತ್ತು.

ಆತ ಅಂದು ಒಂದು ಮಾತು ಆಡಿದ: "ನಾನೊಬ್ಬ ಇಲ್ಲದೇ ಹೋದರೆ ಇವರಿಗಾದರೂ ಈ ಕಾಟ ತಪ್ಪುತ್ತೆ." ಅಕ್ಕ ಮಾತು ಮರೆಸಲಿಲ್ಲ, ಬೈಯಲೂ ಇಲ್ಲ. "ಸಾಯೋ ಯೋಚನೆ ಬರ್ತಿದೆಯೇನೋ?" ಎಂದು ನೇರವಾಗಿ ಕೇಳಿದರು. ಆತ ಹೌದೆಂದ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮನುಷ್ಯ ಬಾಯಿಬಿಡುತ್ತಾನೆ, ಅಲ್ಲಿಂದ ಸಹಾಯ ಶುರುವಾಗುತ್ತದೆ. ಅಕ್ಕ ಆ ರಾತ್ರಿ ಅಲ್ಲೇ ಉಳಿದರು. ಬೆಳಿಗ್ಗೆ ಇಬ್ಬರೂ ಕೂತು 14416ಕ್ಕೆ ಕರೆ ಮಾಡಿದರು. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿನ ಆಪ್ತ ಸಮಾಲೋಚಕರು ಆತನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದರು. ವಾರಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದವನಿಗೆ ಮೊದಲು ನಿದ್ದೆ ಬರಿಸಿದ್ದೇ ಆ ಚಿಕಿತ್ಸೆ. ಸಾಲದ ಪ್ರಕರಣದಲ್ಲಿ ಇದನ್ನು ಕೊನೆಗೆ ಸೇರಿಸುವ ವಿಷಯವೆಂದು ಭಾವಿಸಬಾರದು. ನಿದ್ದೆಯಿಲ್ಲದ ತಲೆ ಬಡ್ಡಿಯ ಲೆಕ್ಕ ಹಾಕಲಾರದು, ಬ್ಯಾಂಕಿಗೆ ನಾಲ್ಕು ಸಾಲು ಬರೆಯಲೂ ಆರದು.

ಆ ದಿನದಿಂದ ಫೋನ್ ಅಕ್ಕನ ಕೈಯಲ್ಲಿತ್ತು. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಆಕೆ ಗೆರೆ ಎಳೆದು ಬರೆಯತೊಡಗಿದರು: ತಾರೀಕು, ಹೊತ್ತು, ನಂಬರ್, ಹೆಸರು ಕೇಳಿದಾಗ ಏನು ಹೇಳಿದರು, ಏನು ಬೈದರು. ಎಲ್ಲರಿಗೂ ಅವರದು ಒಂದೇ ಉತ್ತರ: "ನಾನು ಅವನ ಅಕ್ಕ. ಏನು ಹೇಳೋದಿದ್ರೂ ಇಮೇಲ್‌ನಲ್ಲಿ ಬರೆದು ಕಳಿಸಿ ಸ್ವಾಮಿ. ನಿಮ್ಮ ಹೆಸರು, ಕಂಪನಿ ಹೆಸರು ಹೇಳಿ, ಬರ್ಕೋತಿದ್ದೀನಿ." ಹೆಸರು ಬರೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಅರ್ಧದಷ್ಟು ಜನರ ದನಿಯೇ ಬದಲಾಯಿತು.

ಯಾರ ಕೈಯಲ್ಲಿ ಏನಿದೆ

ಎರಡನೇ ದಿನ ಬೀರುವಿನ ಮೇಲಿದ್ದ ಪತ್ರ ಒಡೆದರು. ಹರಾಜಿನ ನೋಟಿಸು. ಬಡ್ಡಿ ಕಟ್ಟಿ ನವೀಕರಿಸದಿದ್ದರೆ ಒಡವೆ ಹರಾಜು, ಉಳಿದಿದ್ದದ್ದು ಹನ್ನೊಂದು ದಿನ. ಒಂದು ಕರೆಯನ್ನೂ ಮಾಡದವರ ಕೈಯಲ್ಲೇ ಎಲ್ಲಕ್ಕಿಂತ ಹೆಚ್ಚು ಅಧಿಕಾರವಿತ್ತು.

ಹಾಗಾಗಿ ಪಟ್ಟಿಯನ್ನು ಮತ್ತೆ ಬರೆದರು. ಈ ಸಲ ಪ್ರತಿ ಸಾಲದ ಮುಂದೆ ಒಂದೇ ಪ್ರಶ್ನೆ: ಕಟ್ಟದೇ ಹೋದರೆ ಇವರು ನಿಜವಾಗಿ ಏನು ಮಾಡಬಲ್ಲರು?

ಒಡವೆ ಸಾಲ: ಒಡವೆ ಹೋಗುತ್ತದೆ. ಪರ್ಸನಲ್ ಲೋನ್ ಕೊಟ್ಟ ಬ್ಯಾಂಕು: ಸಂಬಳ ಬೀಳುವ ಖಾತೆಯೇ ಅಲ್ಲಿದೆ, ಬಾಕಿಗೆ ಅಲ್ಲಿಂದಲೇ ಮುರಿದುಕೊಳ್ಳಬಹುದು. ಖಾತೆಯಿಂದ ತಾನಾಗಿಯೇ ಕಂತು ಮುರಿದುಕೊಳ್ಳುವ ಆಟೋ ಡೆಬಿಟ್ ಬೌನ್ಸ್ ಆದರೆ ದಂಡ ಒಂದೇ ಅಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಖಾತೆಯಲ್ಲಿ ದುಡ್ಡಿಲ್ಲದೆ ಹಾಗಾಗುವುದು ಚೆಕ್ ಬೌನ್ಸ್‌ನಂತೆಯೇ ಅಪರಾಧ. ಎರಡನೇ ಕಾರ್ಡು: ಅಡಮಾನವಿಲ್ಲದ ಸಾಲ. ಕ್ರೆಡಿಟ್ ಸ್ಕೋರ್ ಕೆಡುತ್ತದೆ, ಸಿವಿಲ್ ದಾವೆಯೋ ಮಧ್ಯಸ್ಥಿಕೆಯೋ ಹೂಡಬಹುದು. ಮೋಸದ ಉದ್ದೇಶವಿಲ್ಲದೆ ಕಟ್ಟಲಾಗದೆ ಹೋದದ್ದಕ್ಕೆ ಜೈಲಿಲ್ಲ. ಕೋರ್ಟು ಸಾಲ ಕಟ್ಟಬೇಕೆಂದು ಡಿಕ್ರಿ ಕೊಟ್ಟರೂ ಪೂರ್ತಿ ಸಂಬಳ ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ. "ನಾಳೆ ಪೊಲೀಸರನ್ನು ಕರ್ಕೊಂಡು ಬರ್ತೀವಿ" ಎಂದು ಅದೇ ಕಾರ್ಡಿನ ವಸೂಲಿಯವನು ದಿನಾ ಹೇಳುತ್ತಿದ್ದ.

ಆಶ್ಚರ್ಯ ಕಾದಿದ್ದದ್ದು ಕೈಸಾಲದಲ್ಲಿ. ಸಹೋದ್ಯೋಗಿ ಅರವತ್ತು ಸಾವಿರ ಕೊಡುವಾಗ ಸಹಿ ಮಾಡಿದ ಚೆಕ್ ಇಸ್ಕೊಂಡಿದ್ದರು. ಅದು ಬೌನ್ಸ್ ಆಗಿ, ನೋಟಿಸ್ ಕೊಟ್ಟ ಮೇಲೂ ದುಡ್ಡು ಬರದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬರುತ್ತದೆ. ಎರಡು ವರ್ಷದವರೆಗೆ ಶಿಕ್ಷೆ, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ. ಅಂದರೆ ಪೊಲೀಸ್ ಹೆಸರು ಎತ್ತಿದ ಕಾರ್ಡಿನವರಿಗಿಂತ ಸುಮ್ಮನೆ ಕಾಯುತ್ತಿದ್ದ ಸ್ನೇಹಿತರ ಕೈಯಲ್ಲಿ ಕಾನೂನಿನ ಬಲ ಹೆಚ್ಚಿತ್ತು. ಆತ ಅವರನ್ನು ಕಂಡರೆ ದಾರಿ ತಪ್ಪಿಸಿಕೊಂಡು ಓಡಾಡುತ್ತಿದ್ದ.

ಒಡವೆಯ ವಿಷಯ ತೀರ್ಮಾನಿಸಿದ್ದು ಹೆಂಡತಿ. ಮಾರುವುದೋ ಬಿಡುವುದೋ ಹೇಳಬೇಕಾದವರು ಆಕೆಯೇ. "ಅಡವಿಟ್ಟು ಬಡ್ಡಿ ಕಟ್ಟೋದಕ್ಕಿಂತ ಮಾರಿಬಿಡೋಣ. ಅಮ್ಮ ಕೊಟ್ಟ ಬಳೆ ಮಾತ್ರ ಬೇಡ" ಎಂದರು. ಅಡವಿಟ್ಟ ಮೇಲೆ ಚಿನ್ನದ ಬೆಲೆ ಏರಿತ್ತು. ಬಳೆ ಬಿಟ್ಟು ಉಳಿದದ್ದಕ್ಕೆ ಬಂದದ್ದು 1,92,000. ಬಡ್ಡಿ ಸೇರಿ 1,24,000 ತೀರಿಸಿದ ಮೇಲೆ 68,000 ಕೈಯಲ್ಲಿ ಉಳಿಯಿತು. ಅದರಲ್ಲಿ 44,000 ಕೊಟ್ಟು ನೋಂದಾಯಿತ ಆಪ್‌ಗಳೆರಡನ್ನೂ ಮುಗಿಸಿದರು. 24,000 ಬೇರೊಂದು ಬ್ಯಾಂಕಿನ ಖಾತೆಯಲ್ಲಿ ಆಪತ್ತಿಗೆಂದು ಇಟ್ಟರು. ಆ 24,000ವನ್ನೂ ಸಾಲಕ್ಕೇ ಹಾಕಬೇಕೆಂದು ಆತ ಹಟ ಹಿಡಿದಿದ್ದ. ಹಾಕದೆ ಇದ್ದದ್ದು ಒಳ್ಳೆಯದಾಯಿತು, ಎರಡೇ ತಿಂಗಳಲ್ಲಿ ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ಹೊಸ ಸಾಲ ಮಾಡದೆ ಅದರಿಂದಲೇ ನಿಭಾಯಿಸಿದರು. ತೆಗೆದಷ್ಟನ್ನು ಕಂಪನಿಯ ವಿಮೆ ಆಮೇಲೆ ಮರಳಿಸಿತು.

ಮೂರನೇ ಆಪ್‌ನವರ ಆಯುಧ ಒಂದೇ, ನಾಚಿಕೆ. ಅದನ್ನು ಕಿತ್ತುಕೊಳ್ಳಲು ಆತ ತನ್ನ ಫೋನಿನಲ್ಲಿದ್ದ ಎಲ್ಲರಿಗೂ ತಾನೇ ಒಂದು ಸಂದೇಶ ಕಳಿಸಿದ: "ಒಂದು ಸಾಲದ ಆಪ್‌ನವರು ನನ್ನ ಫೋನಿನಿಂದ ನಿಮ್ಮ ನಂಬರ್ ತೆಗೆದುಕೊಂಡಿದ್ದಾರೆ. ನನ್ನ ಬಗ್ಗೆ ಕೆಟ್ಟದಾಗಿ ಬರೆದು ಕಳಿಸಬಹುದು. ಉತ್ತರ ಕೊಡಬೇಡಿ, ದುಡ್ಡು ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ." ಇದನ್ನು ಕಳಿಸಲು ಆತನಿಗೆ ಅರ್ಧ ದಿನ ಬೇಕಾಯಿತು. ಸಂಜೆಯ ಹೊತ್ತಿಗೆ ಹಲವರು ಸ್ಕ್ರೀನ್‌ಶಾಟ್ ಕಳಿಸಿದರು, ಇಬ್ಬರು ತಮಗೂ ಹೀಗೇ ಆಗಿತ್ತು ಎಂದು ಬರೆದರು. ಆ ಸ್ಕ್ರೀನ್‌ಶಾಟ್‌ಗಳೊಂದಿಗೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಠಾಣೆಗೂ ದೂರು ಹೋಯಿತು. ಸಾಲದ ಆಪ್ ಫೋನಿನ ಸಂಪರ್ಕ ಪಟ್ಟಿ, ಫೋಟೋಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನ ಡಿಜಿಟಲ್ ಸಾಲ ಮಾರ್ಗಸೂಚಿಯಲ್ಲೇ ಹೇಳಿದೆ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಕಿರು ಸಾಲ ಮತ್ತು ಸಣ್ಣ ಸಾಲ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಆ ಆಪ್‌ಗೆ ಮತ್ತೆ ದುಡ್ಡು ಹೋಗಲಿಲ್ಲ. ಮೂರು ವಾರ ಕಾಟ ಕೊಟ್ಟು ಸುಮ್ಮನಾದರು.

ಬ್ಯಾಂಕಿನ ಜೊತೆ

ಸಂಬಳದ ಬ್ಯಾಂಕಿನ ಶಾಖೆಯಲ್ಲಿ ಮೊದಲ ಸಲ "ಹಾಗೆಲ್ಲ ಬರಲ್ಲ" ಎಂದು ಕಳಿಸಿಬಿಟ್ಟರು. ಬಾಯಿಮಾತಿನ ಮನವಿಗೆ ಬಾಯಿಮಾತಿನಲ್ಲೇ ಉತ್ತರ ಮುಗಿದುಹೋಗುತ್ತದೆ. ಆಮೇಲೆ ಬರೆದುಕೊಟ್ಟರು: ಆದಾಯ ಇಷ್ಟು, ಮನೆ ಖರ್ಚು ಇಷ್ಟು, ಎಲ್ಲ ಸಾಲಗಳ ಪಟ್ಟಿ ಇದು, ತಿಂಗಳಿಗೆ ಇಷ್ಟು ಖಂಡಿತ ಕಟ್ಟಬಲ್ಲೆ, ಲೋನಿನ ಅವಧಿ ವಿಸ್ತರಿಸಿ, ಕಾರ್ಡಿನ ಬಾಕಿಯನ್ನು ಕಂತಿಗೆ ಬದಲಿಸಿ. ಸಂಬಳದ ಚೀಟಿ ಲಗತ್ತಿಸಿ, ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡು, ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೂ ಇಮೇಲ್ ಮಾಡಿದರು. ಎರಡನೇ ತಿಂಗಳು ಒಪ್ಪಿಗೆ ಬಂತು.

ಲೋನಿನ 2,76,000ವನ್ನು ಮತ್ತೆ ಅರವತ್ತು ಕಂತಿಗೆ ಹರಡಿದಾಗ ಕಂತು 9,727ರಿಂದ 6,712ಕ್ಕೆ ಇಳಿಯಿತು. ಒಟ್ಟು ಬಡ್ಡಿ ಹೆಚ್ಚಾಯಿತು, ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ವರದಿಯಲ್ಲಿ "ರೀಸ್ಟ್ರಕ್ಚರ್ಡ್", ಅಂದರೆ ಷರತ್ತು ಬದಲಿಸಿದ ಸಾಲ, ಎಂದೂ ಬಿತ್ತು. ಕಾರ್ಡಿನ 1,85,000 ಶೇ 18ರ ಬಡ್ಡಿಯಲ್ಲಿ 36 ಕಂತಾಯಿತು: ತಿಂಗಳಿಗೆ 6,688, ಬಡ್ಡಿ ಮೇಲಿನ ಜಿಎಸ್‌ಟಿ ಸೇರಿ ಮೊದಮೊದಲು ಸುಮಾರು 7,200. ಇದೇ ಕಾರ್ಡಿಗೆ ಹಿಂದೆ ತೆರಿಗೆ ಸೇರಿ ಬರೀ ಬಡ್ಡಿಯೇ 7,640 ಆಗುತ್ತಿತ್ತು. ಬಡ್ಡಿಗಿಂತ ಕಡಿಮೆ ದುಡ್ಡಿನಲ್ಲಿ ಈಗ ಸಾಲವೇ ತೀರುತ್ತಿದೆ. ಇದನ್ನು ಕೇಳಿ ಪಡೆಯಬಹುದೆಂದು ಗೊತ್ತಿಲ್ಲದೆ ಎಷ್ಟು ಮನೆಗಳು ವರ್ಷಗಟ್ಟಲೆ ಮಿನಿಮಮ್ ಕಟ್ಟುತ್ತಿವೆಯೋ, ಯೋಚಿಸಿದರೆ ಸಂಕಟವಾಗುತ್ತದೆ.

ಎರಡನೇ ಕಾರ್ಡಿನ ಬ್ಯಾಂಕು ಒಪ್ಪಲಿಲ್ಲ. ಕಟ್ಟುವುದು ನಿಂತಿತು. ಮಿನಿಮಮ್ ಬಾಕಿ 90 ದಿನ ದಾಟಿದ ಮೇಲೆ ಅದು ವಸೂಲಾಗದ ಸಾಲದ ಲೆಕ್ಕಕ್ಕೆ ಸೇರಿತು. ವಸೂಲಿಯವರು ರಾತ್ರಿ ಒಂಬತ್ತಕ್ಕೂ ಕರೆ ಮಾಡುತ್ತಿದ್ದರು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲೇ ಹೇಳಿದೆ. ಅಕ್ಕನ ನೋಟ್‌ಬುಕ್ ಇಲ್ಲಿ ಸಾಕ್ಷಿಯಾಯಿತು. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾದರು. ಉತ್ತರ ಬರಲಿಲ್ಲವಾಗಿ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಿದರು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರೆಗಳು ನಿಂತವು.

ಕಟ್ಟದ ಆ ತಿಂಗಳುಗಳಲ್ಲಿ ಮನೆಯವರು ಮಾಡಿದ ಒಳ್ಳೆಯ ಕೆಲಸವೆಂದರೆ, ಬ್ಯಾಂಕ್ ಒಪ್ಪಿದ್ದರೆ ಎಷ್ಟು ಕಂತು ಆಗುತ್ತಿತ್ತೋ ಆ 3,700ನ್ನು ಪ್ರತಿ ತಿಂಗಳೂ ಪಕ್ಕಕ್ಕೆ ಇಟ್ಟದ್ದು. ಹನ್ನೊಂದು ತಿಂಗಳಲ್ಲಿ 40,700 ಆಯಿತು. ಕಾಗದದ ಮೇಲೆ ಬಾಕಿ ಒಂದೂವರೆ ಲಕ್ಷದ ಹತ್ತಿರ ಬೆಳೆದಿತ್ತು. ಬ್ಯಾಂಕು ಒಂದು ಲಕ್ಷದ ಹತ್ತು ಸಾವಿರಕ್ಕೆ ಸೆಟಲ್‌ಮೆಂಟ್ ಎಂದಿತು, ಅಂದರೆ ಬಾಕಿಗಿಂತ ಕಡಿಮೆ ಕಟ್ಟಿಸಿಕೊಂಡು ಸಾಲ ಮುಗಿಸುವುದು. ಇವರು ಪಟ್ಟು ಬಿಡಲಿಲ್ಲ, ಕೊನೆಗೆ 58,000ಕ್ಕೆ ಮುಗಿಯಿತು. ಕಡಿಮೆ ಬಿದ್ದದ್ದು ಆಪತ್ತಿನ ಖಾತೆಯಿಂದ ಬಂತು. ಸೆಟಲ್‌ಮೆಂಟ್ ಪತ್ರ ಬ್ಯಾಂಕಿನ ಅಧಿಕೃತ ಇಮೇಲ್‌ನಲ್ಲಿ ಬರುವವರೆಗೂ ಒಂದು ರೂಪಾಯಿ ಕೊಡಲಿಲ್ಲ. ಆ ಪತ್ರದಲ್ಲಿ ಮೊತ್ತ, ಕೊನೆಯ ದಿನ, ಇನ್ನು ಬಾಕಿ ಇಲ್ಲವೆಂಬ ಮಾತು ಮೂರೂ ಇದ್ದವು.

ಹಾಗೆಂದು ಸೆಟಲ್‌ಮೆಂಟನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಕ್ರೆಡಿಟ್ ವರದಿಯಲ್ಲಿ "ಸೆಟಲ್ಡ್" ಎಂದು ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮನೆ ಸಾಲ ಕೇಳಲು ಹೋದಾಗ ಅಡ್ಡ ಬರುತ್ತದೆ. ಸಂಬಳ ನಿಂತಿಲ್ಲದವರಿಗೆ ಕಂತಿನ ದಾರಿಯೇ ಮೇಲು. ಇನ್ನು "ಕಟ್ಟುವುದನ್ನೇ ನಿಲ್ಲಿಸಿ, ನಮಗೆ ಫೀಸು ಕೊಡಿ, ಅರ್ಧಕ್ಕೆ ಮುಗಿಸುತ್ತೇವೆ" ಎನ್ನುವ ಕಂಪನಿಗಳೂ ಆತನಿಗೆ ಕರೆ ಮಾಡಿದ್ದವು. ಇವರು ಮಾಡುವುದಾಗಿ ಹೇಳುವ ಕೆಲಸವನ್ನು ಸಾಲಗಾರ ತಾನೇ ಪುಕ್ಕಟೆ ಮಾಡಬಹುದು. ಕಾನೂನಿನ ಸಲಹೆ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಬ್ಯಾಂಕ್ ಸಾಲದ ವಿಷಯಗಳು ದಾವೆಗೆ ಮುಂಚೆಯೇ ಲೋಕ ಅದಾಲತ್‌ಗೂ ಬರುತ್ತವೆ. ದಿವಾಳಿ ಅರ್ಜಿ ಹಾಕಬಹುದೇ ಎಂದು ಆತ ಕೇಳಿದ್ದ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದು ಒಂದು ಭಾಗವೇನೋ ಇದೆ. ಆದರೆ ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟು ಸಾಮಾನ್ಯ ಸಂಬಳದಾರರಿಗೆ ಅದನ್ನು ಜಾರಿಗೆ ತಂದಿಲ್ಲ. ಇಂಥ ಮನೆಗಳಿಗೆ ಇದು ದೊಡ್ಡ ಕೊರತೆ.

ಉಳಿದಿರುವುದು

ಸಹೋದ್ಯೋಗಿಯ ಬಳಿ ಆತ ತಾನೇ ಹೋಗಿ ಮಾತಾಡಿದ. ತಿಂಗಳಿಗೆ ಎರಡು ಸಾವಿರ, ಕೊಟ್ಟದ್ದಕ್ಕೆಲ್ಲ ರಸೀದಿ, ಕೊನೆಯ ಕಂತಿನ ದಿನ ಚೆಕ್ ವಾಪಸ್, ಹೀಗೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ನೆಂಟರು ತಿಂಗಳಿಗೆ ಸಾವಿರದಂತೆ ತೆಗೆದುಕೊಳ್ಳುತ್ತಿದ್ದಾರೆ, ಮಾತು ಬಿಟ್ಟಿದ್ದಾರೆ. ಅದು ಇನ್ನೂ ಸರಿಹೋಗಿಲ್ಲ.

ಎರಡನೇ ಕಾರ್ಡು ಮುಗಿದ ಮೇಲೆ ಬಿಡುವಾದ 3,700 ಈಗ ಆಪತ್ತಿನ ಖಾತೆಗೆ ಹೋಗುತ್ತಿದೆ. ಅದು 25,000 ಮುಟ್ಟಿದ ಮೇಲೆ ಸಹೋದ್ಯೋಗಿಗೆ ಹೆಚ್ಚು ಕಟ್ಟುವುದೆಂದು ಗಂಡ ಹೆಂಡತಿ ಕೂತು ತೀರ್ಮಾನಿಸಿದ್ದಾರೆ. ಫೋನ್ ಮತ್ತೆ ಆತನ ಕೈಗೆ ಬಂದಿದೆ. ಆದರೆ ತಿಂಗಳ ಮೊದಲ ಭಾನುವಾರ ಅಕ್ಕನಿಗೆ ಪಟ್ಟಿಯ ಫೋಟೋ ಹೋಗಲೇಬೇಕು. ಮನೋವೈದ್ಯರ ಬಳಿ ಹೋಗುವುದನ್ನೂ ಆತ ಬಿಟ್ಟಿಲ್ಲ.

ಈಚೆಗೆ ಕ್ರೆಡಿಟ್ ವರದಿ ತೆಗೆಸಿದರು. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನೋಡಿದರೆ, ತೀರಿಸಿದ್ದ ಎರಡು ಆಪ್ ಸಾಲಗಳಲ್ಲಿ ಒಂದು ಇನ್ನೂ ಬಾಕಿ ಎಂದೇ ಇತ್ತು. ಪಾವತಿಯ ದಾಖಲೆ, ಸಾಲ ಮುಗಿದ ಪತ್ರ ಸೇರಿಸಿ ತಿದ್ದುಪಡಿಗೆ ದೂರು ಹಾಕಿದ್ದಾರೆ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರಿನ ಸಂಖ್ಯೆಯನ್ನೂ ತಾರೀಕನ್ನೂ ಈ ಸಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಆತನೇ.